ಹಾಡಿಗೆ ಗುರುತಿನ ಚೀಟಿ ಕೇಳುವವರು

ಕನ್ನಡದ ‘ಪರದೇಶಿ’ ಎಂಬ ಮಾತಿನಲ್ಲಿ ಬೇರೆ ದೇಶದವನು ಎಂಬ ಅರ್ಥ ಯಾವತ್ತೋ ಹಿಂದೆ ಸರಿದು, ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥವೇ ಮುಂದೆ ಬಂದು ನಿಂತಿದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಮರುಕಕ್ಕೂ ಬಳಸುತ್ತಾರೆ, ಬೈಗುಳಕ್ಕೂ ಬಳಸುತ್ತಾರೆ. ಭೋಜಪುರಿಯಲ್ಲಿ ಇದರ ಒಡಹುಟ್ಟಿನಂತಿರುವ ‘ಬಿದೇಸಿಯಾ’ ಎಂಬ ಮಾತು, ದುಡಿಮೆಗೆಂದು ದೂರ ಹೋಗಿ ಹಿಂದಿರುಗದ ಗಂಡನನ್ನು ಹೆಂಡತಿ ಕರೆಯುವ ಹೆಸರಾಗಿದೆ. ಮನುಷ್ಯ ಒಬ್ಬನೇ. ಬಂದು ಸೇರಿದ ಊರಿನವರ ಬಾಯಲ್ಲಿ ಅವನು ಪರದೇಶಿ, ಬಿಟ್ಟುಬಂದ ಊರಿನ ಹಾಡಿನಲ್ಲಿ ಬಿದೇಸಿಯಾ. ನಾವು ಮೊದಲನೆಯ ಹೆಸರನ್ನು ಮಾತ್ರ ಬಲ್ಲವರು. ಎರಡನೆಯದು ನಮ್ಮ ಕಿವಿಗೆ ಬಿದ್ದರೂ ಅದನ್ನು ‘ಗಲಾಟೆ’ ಎಂದು ಕರೆಯುತ್ತೇವೆ.

ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ಅಂತರಸನಹಳ್ಳಿ ಸಿಗುತ್ತದೆ. ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ, ಲಾರಿಗಳ ಸಾಲು. ಇನ್ನೂ ಮುಂದಕ್ಕೆ ಹೋದರೆ ವಸಂತನರಸಾಪುರ. 2014ರಲ್ಲಿ ಪ್ರಧಾನಿಯೇ ಬಂದು ಅಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. ಜಿಲ್ಲೆ ಬೆಳೆಯುತ್ತಿದೆ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಈ ಬೆಳವಣಿಗೆಯ ಮೂಟೆ ಹೊರುವವರು, ಗೋಡೆ ಎಬ್ಬಿಸುವವರು, ಸೆಂಟ್ರಿಂಗ್ ಹಲಗೆ ಬಿಗಿಯುವವರು ಯಾರು? ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರೂ, ಅವರ ಜೊತೆಗೆ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮವರೂ. ಶೀಟಿನ ಮಾಡಿನ ಒಂದೊಂದು ಕೋಣೆಯಲ್ಲಿ ಆರೆಂಟು ಜನ. ಬಾಡಿಗೆಯನ್ನು ತಲೆಗೆ ಇಷ್ಟು ಎಂದು ಎಣಿಸಿ ತೆಗೆದುಕೊಳ್ಳುವ ಮಾಲೀಕರಿಗೆ ಆಗ ಅವರ ಊರು, ಭಾಷೆ, ಧರ್ಮ ಯಾವುದೂ ತೊಡಕಾಗುವುದಿಲ್ಲ. ಭಾನುವಾರ ಸಂಜೆ ಆ ಕೋಣೆಯಿಂದ ಹಾಡು ಕೇಳಿಸಿದರೆ ಮಾತ್ರ ತಕ್ಷಣ ಎಲ್ಲವೂ ನೆನಪಾಗುತ್ತದೆ. ‘ಇವರು ಎಲ್ಲಿಯವರು? ಆಧಾರ್ ಇದೆಯೇ? ಬಾಂಗ್ಲಾದವರಿರಬಹುದೇ?’

ಹಾಗೆ ಪ್ರಶ್ನೆಗೊಳಗಾದ ಒಬ್ಬ ಹುಡುಗನೊಡನೆ ಮಾತನಾಡಿದ್ದೇನೆ. ಬಿಹಾರದ ಪೂರ್ಣಿಯಾ ಕಡೆಯವನು, ತರಕಾರಿ ಮೂಟೆ ಇಳಿಸುವ ಕೆಲಸ. ನನ್ನ ಉರ್ದು ಅವನಿಗೆ ತಿಳಿಯಿತು, ಅವನ ಮನೆಮಾತು ನನಗೆ ತಿಳಿಯಲಿಲ್ಲ. ಆ ಸೀಮೆಯ ಆಡುಮಾತಿನಲ್ಲಿ ಬಂಗಾಳಿಯ ಛಾಯೆ ಇರುತ್ತದೆ. ಆ ಛಾಯೆಯೇ ಅವನ ಪಾಲಿಗೆ ಅಪಾಯವಾಗಿದೆ. ‘ಚಾಚಾ, ಹಿಂದಿ ಸಿನಿಮಾ ಹಾಡು ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಊರಿನ ಹಾಡು ಹಾಕಿದರೆ ಬಾಗಿಲು ಬಡಿಯುತ್ತಾರೆ’ ಎಂದ. ಮೊಬೈಲಿನ ದನಿ ತಗ್ಗಿಸಿ, ಕಿವಿಗೆ ಒತ್ತಿಕೊಂಡು ಕೇಳುವುದನ್ನು ಅವನು ಕಲಿತುಕೊಂಡಿದ್ದಾನೆ. ತನ್ನ ತಾಯಿಯ ಭಾಷೆಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಬದುಕಬೇಕಾಗಿ ಬಂದವನಿಗೆ ಆ ಹಾಡೇ ರಾಜಕೀಯ. ಅವನಿಗೆ ಆ ಪದ ಗೊತ್ತಿಲ್ಲದಿದ್ದರೂ ಸರಿಯೇ.

ನಮ್ಮ ವಿಚಾರವಂತ ಗೆಳೆಯರು ‘ಪ್ರತಿರೋಧದ ಸಂಗೀತ’ ಎಂದ ಕೂಡಲೇ ಜಮೈಕಾದ ಬಾಬ್ ಮಾರ್ಲಿಯನ್ನು, ಅಮೆರಿಕದ ಕರಿಯರ ಬ್ಲೂಸನ್ನು ಹೆಸರಿಸುತ್ತಾರೆ. ಸಂತೋಷ, ಅವರು ದೊಡ್ಡವರು. ಆದರೆ ಕೆರಿಬಿಯನ್ ಸಮುದ್ರದವರೆಗೂ ಹೋಗುವ ಕಿವಿ ಅಂತರಸನಹಳ್ಳಿಯ ಶೆಡ್ಡಿನ ಬಳಿ ಯಾಕೆ ಮುಚ್ಚಿಕೊಳ್ಳುತ್ತದೆ? ಕೆರಿಬಿಯನ್ನಿಗೇ ಹೋಗೋಣ ಎಂದರೂ ಅಲ್ಲಿ ಕಾಣುವುದು ಇದೇ ಬಿಹಾರಿಯ ಮುತ್ತಜ್ಜನನ್ನು.

1834ರಿಂದ 1917ರವರೆಗೆ ಬ್ರಿಟಿಷರು ಭಾರತದ ಬಡವರನ್ನು ಕರಾರು ಕೂಲಿಗಳಾಗಿ ಮಾರಿಷಸ್, ಟ್ರಿನಿಡಾಡ್, ಫಿಜಿ ಮುಂತಾದ ಕಬ್ಬಿನ ತೋಟಗಳಿಗೆ ಸಾಗಿಸಿದರು. ಅವರಲ್ಲಿ ಬಹುಪಾಲು ಇಂದಿನ ಬಿಹಾರ ಮತ್ತು ಉತ್ತರ ಪ್ರದೇಶದ ಪೂರ್ವ ಭಾಗದವರು. ಅವರು ಗಂಟಿನಲ್ಲಿ ಕಟ್ಟಿಕೊಂಡು ಹೋಗಲು ಆಸ್ತಿ ಇರಲಿಲ್ಲ. ಹಾಡು, ಡೋಲು, ಹಬ್ಬ ಇದ್ದವು. ಟ್ರಿನಿಡಾಡಿನಲ್ಲಿ ಅವರು ಮೊಹರಂ ಆಚರಿಸಿದರು. ಅಲ್ಲಿ ಅದಕ್ಕೆ ‘ಹೊಸೇ’ ಎಂಬ ಹೆಸರು. ತಾಸೆ ಬಡಿಯುತ್ತಾ ತಾಜಿಯಾ ಹೊತ್ತು ಹೋಗುವ ಮೆರವಣಿಗೆಯಲ್ಲಿ ಹಿಂದೂ ಕೂಲಿಗಳೂ ಇದ್ದರು, ಮುಸ್ಲಿಮರೂ ಇದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಯಾರೆಂದು ಬಲ್ಲ ಓದುಗರಿಗೆ ಇದು ಹೊಸ ಸಂಗತಿಯಲ್ಲ. ತೋಟದ ಮಾಲೀಕರಿಗೆ ಈ ಡೋಲಿನ ಭಯ ಹತ್ತಿತು. ಬೇರೆ ಬೇರೆ ತೋಟದ ಕೂಲಿಗಳು ಒಂದೇ ತಾಳಕ್ಕೆ ನಡೆದು ಪೇಟೆಗೆ ಬಂದರೆ ಏನಾದೀತು? ಮೆರವಣಿಗೆ ಪಟ್ಟಣ ಪ್ರವೇಶಿಸಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಕೂಲಿಗಳು ಒಪ್ಪಲಿಲ್ಲ. 1884ರ ಅಕ್ಟೋಬರ್ 30ರಂದು ಸ್ಯಾನ್ ಫೆರ್ನಾಂಡೊ ಪಟ್ಟಣದ ಹೊರಗೆ ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 16 ಮಂದಿ ಸತ್ತರು, ಹಲವಾರು ಮಂದಿ ಗಾಯಗೊಂಡರು.

ಅದೇ ದ್ವೀಪದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳ ಡೋಲನ್ನೂ 1880ರ ದಶಕದಲ್ಲಿ ಕಾನೂನಿನಿಂದ ಅದುಮಿಡಲಾಯಿತು. ಅವರು ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹುಟ್ಟಿಸಿದರು. ಮುಂದೆ 1930-40ರ ದಶಕಗಳಲ್ಲಿ ಬಿಸ್ಕತ್ತಿನ ಡಬ್ಬ, ಎಣ್ಣೆಯ ಡ್ರಮ್ಮುಗಳನ್ನು ತಟ್ಟಿ ಹದಮಾಡಿ ಸ್ಟೀಲ್‌ಪ್ಯಾನ್ ಎಂಬ ಹೊಸ ವಾದ್ಯವನ್ನೇ ಕಟ್ಟಿದರು. ಒಂದು ಕಾಲದಲ್ಲಿ ಪೋಲಿಗಳ ಸದ್ದು ಎಂದು ಪೊಲೀಸರು ಅಟ್ಟಾಡಿಸಿದ ಆ ವಾದ್ಯವನ್ನು 1992ರಲ್ಲಿ ಟ್ರಿನಿಡಾಡ್ ತನ್ನ ರಾಷ್ಟ್ರೀಯ ವಾದ್ಯವೆಂದು ಘೋಷಿಸಿತು. ಪ್ರಭುತ್ವಗಳ ಸ್ವಭಾವವೇ ಹೀಗೆ. ಬಡವ ಬಾರಿಸುವಾಗ ಅದು ಗದ್ದಲ, ಅವನು ಸತ್ತು ಮೂರು ತಲೆಮಾರು ಕಳೆದ ಮೇಲೆ ಅದು ಪರಂಪರೆ.

ಈ ಮಾತಿಗೆ ಸಾಕ್ಷಿ ಹುಡುಕಲು ಟ್ರಿನಿಡಾಡೇ ಬೇಕಿಲ್ಲ, ಗುಬ್ಬಿ ಸಾಕು. ತುಮಕೂರು ಜಿಲ್ಲೆಯ ಯಾವುದೇ ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿಯಬೇಕಾದರೆ ಮೊದಲು ಹಾರ್ಮೋನಿಯಂ ಮೇಷ್ಟ್ರು ಬರಬೇಕು. ಕುರುಕ್ಷೇತ್ರದ ಕೃಷ್ಣನೂ ದುರ್ಯೋಧನನೂ ಆ ಪೆಟ್ಟಿಗೆಯ ಶ್ರುತಿಗೇ ಬಾಯಿ ತೆರೆಯುತ್ತಾರೆ. ಈ ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ. ಅಲ್ಲಿಂದ ಕಲ್ಕತ್ತೆಗೆ ಬಂದು, ಪಾರ್ಸಿ ಕಂಪನಿಗಳ ಜೊತೆ ಊರೂರು ಅಲೆದು, 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ನಮ್ಮ ನಾಟಕ ಮಂಡಳಿಗಳನ್ನು ಸೇರಿಕೊಂಡಿತು. ಪಾರ್ಸಿ ರಂಗಭೂಮಿಯ ಮಟ್ಟುಗಳು ಕನ್ನಡ ರಂಗಗೀತೆಗಳಾದವು. 1940ರಲ್ಲಿ ಆಕಾಶವಾಣಿ ಈ ವಾದ್ಯ ನಮ್ಮ ಸಂಗೀತಕ್ಕೆ ಹೊರಗಿನದು ಎಂದು ಬಹಿಷ್ಕಾರ ಹಾಕಿತು. 1971ರವರೆಗೂ ಅದು ತೆರವಾಗಲಿಲ್ಲ. ಆ ಮೂವತ್ತು ವರ್ಷ ದಿಲ್ಲಿಯ ಪಂಡಿತರು ಹಾರ್ಮೋನಿಯಮ್ಮಿನ ಪೌರತ್ವ ಪರೀಕ್ಷಿಸುತ್ತಿದ್ದಾಗ ನಮ್ಮ ಹಳ್ಳಿಯ ರೈತರು ಅದನ್ನಿಟ್ಟುಕೊಂಡು ರಾತ್ರಿಯಿಡೀ ನಾಟಕ ಆಡುತ್ತಿದ್ದರು. ಯಾರು ಗೆದ್ದರು ಎಂಬುದನ್ನು ಹೇಳಬೇಕೇ?

ಧಾರವಾಡದ ಕಡೆ ನೋಡಿ. ಉತ್ತರ ಪ್ರದೇಶದ ಕೈರಾನಾ ಎಂಬ ಸಣ್ಣ ಊರಿನಿಂದ ಹೊರಟ ಅಬ್ದುಲ್ ಕರೀಂ ಖಾನರು (1872-1937) ನಮ್ಮ ನಾಡಿಗೆ ಬಂದು ಹೋಗಿ ಮಾಡದಿದ್ದರೆ ಕುಂದಗೋಳದ ಸವಾಯಿ ಗಂಧರ್ವರಿಲ್ಲ. ಸವಾಯಿ ಗಂಧರ್ವರಿಲ್ಲದಿದ್ದರೆ ಗಂಗೂಬಾಯಿ ಹಾನಗಲ್ ಇಲ್ಲ, ಭೀಮಸೇನ ಜೋಶಿ ಇಲ್ಲ. ಕಿರಾನಾ ಎಂಬ ಘರಾಣೆಯ ಹೆಸರೇ ಒಂದು ವಲಸೆಯ ವಿಳಾಸ. ಇವತ್ತು ಅದೇ ಸೀಮೆಯಿಂದ, ಸಹಾರನ್‌ಪುರ, ಬಿಜನೋರ್, ಮುಜಫ್ಫರ್‌ನಗರಗಳಿಂದ ಬಡಗಿಗಳು, ಕ್ಷೌರದವರು ನಮ್ಮ ಊರುಗಳಿಗೆ ಬರುತ್ತಿದ್ದಾರೆ. ಭೀಮಸೇನರಿಗೆ ಭಾರತರತ್ನ ಬಂದಾಗ ನಾವು ಕನ್ನಡಿಗರ ಗೆಲುವೆಂದು ಕುಣಿದೆವು, ಕುಣಿಯಬೇಕಾದದ್ದೇ. ಆದರೆ ಉಸ್ತಾದರ ಊರಿನ ಹುಡುಗ ಬಾಡಿಗೆಗೆ ಮನೆ ಕೇಳಿದಾಗ ‘ಹಿಂದಿಯವರಿಗೆ ಕೊಡುವುದಿಲ್ಲ’ ಎಂದೋ, ಹೆಸರು ಕೇಳಿದ ಮೇಲೆ ‘ನಿಮ್ಮವರಿಗೆ ಕೊಡುವುದಿಲ್ಲ’ ಎಂದೋ ಹೇಳುತ್ತೇವೆ. ರಾಗ ಬೇಕು, ರಾಗ ತಂದವನು ಬೇಡ.

ವಲಸಿಗರಲ್ಲೂ ನಾವು ಪಂಕ್ತಿಭೇದ ಮಾಡುತ್ತೇವೆ. 1960ರಲ್ಲಿ ಬೈಲಕುಪ್ಪೆಯಲ್ಲಿ, ಆ ಬಳಿಕ ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕರ್ನಾಟಕ ನೆಲ ಕೊಟ್ಟಿತು. ಇದು ಈ ನಾಡು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಅವರು ತಮ್ಮ ಭಾಷೆಯಲ್ಲಿ ತಮ್ಮ ದೇಶದ ಹಾಡು ಹಾಡಿದರೆ ನಾವು ಕ್ಯಾಮೆರಾ ಹಿಡಿದು ನಿಲ್ಲುತ್ತೇವೆ. ಅದೇ ಅಸ್ಸಾಮಿನ ಬಂಗಾಳಿ ಮೂಲದ ಮುಸ್ಲಿಮನೊಬ್ಬ ತನ್ನ ಆಡುಮಾತಿನಲ್ಲಿ ಬಾಯಿ ತೆರೆದರೆ? ಅಲ್ಲಿ 2016ರಿಂದೀಚೆಗೆ ತಮ್ಮನ್ನು ಹೀಯಾಳಿಸಲು ಬಳಸುತ್ತಿದ್ದ ‘ಮಿಯಾ’ ಎಂಬ ಬೈಗುಳವನ್ನೇ ಹೆಸರಾಗಿಟ್ಟುಕೊಂಡು ಯುವಕರು ಕವಿತೆ ಬರೆದರು. 2019ರ ಜುಲೈಯಲ್ಲಿ ಹತ್ತು ಮಂದಿಯ ಮೇಲೆ ಪೊಲೀಸ್ ದೂರು ದಾಖಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಪ್ರಕಟವಾದ ಪೌರತ್ವ ಪಟ್ಟಿ 19 ಲಕ್ಷ ಜನರನ್ನು ಹೊರಗಿಟ್ಟಿತು. ಒಬ್ಬನ ನೋವು ಸಂಸ್ಕೃತಿ, ಇನ್ನೊಬ್ಬನ ನೋವು ಅಪರಾಧ ಎಂದು ತೀರ್ಮಾನಿಸುವ ಈ ಕಿವಿ ಯಾವ ಕಾರ್ಖಾನೆಯಲ್ಲಿ ತಯಾರಾಯಿತು?

ಆ ಕಾರ್ಖಾನೆ ನಮ್ಮ ರಾಜ್ಯದಲ್ಲೂ ಇದೆ. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಬೆಚ್ಚಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಎಂಬ ಆರೋಪ ಹೊರಿಸಿ ನೂರಾರು ಗುಡಿಸಲು ಕೆಡವಿದಾಗ, ಅಲ್ಲಿ ಮನೆ ಕಳೆದುಕೊಂಡವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೊನೆಗೆ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಊರಿಗೆ ಹೋಗಲು ಕಾರ್ಮಿಕರು ಅಂಗಲಾಚುತ್ತಿದ್ದಾಗ, ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ತಿಳಿಸಿತು. ದೇಶವೆಲ್ಲ ಟೀಕಿಸಿದ ಮೇಲೆ ನಿರ್ಧಾರ ಬದಲಾಯಿತು. ಇರಬೇಕೆಂದಾಗ ಓಡಿಸುತ್ತೇವೆ, ಹೋಗಬೇಕೆಂದಾಗ ಕಟ್ಟಿಹಾಕುತ್ತೇವೆ. ಇಂಥ ಬದುಕಿನಲ್ಲಿ ಕೆಲಸದ ಊರಿನಲ್ಲಿ ಮತವಿಲ್ಲ, ಸಂಘವಿಲ್ಲ, ದೂರು ಬರೆಯಲು ಇಲ್ಲಿನ ಭಾಷೆಯಿಲ್ಲ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದೇ ಒಂದು ಕಾಯ್ದೆ ಬಂತು. ಅದು ಸರಿಯಾಗಿ ಜಾರಿಯಾಗುವ ಮೊದಲೇ 2020ರಲ್ಲಿ ಅದನ್ನು ಕಾರ್ಮಿಕ ಸಂಹಿತೆಯೊಂದರ ಹೊಟ್ಟೆಗೆ ಸೇರಿಸಲು ಸಂಸತ್ತು ಒಪ್ಪಿಗೆ ಕೊಟ್ಟಿತು. ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಉಳಿಯುವುದು ಕಂಠ ಒಂದೇ. ಅದಕ್ಕೇ ಅದರ ಮೇಲೆ ಇಷ್ಟು ಕಣ್ಣು.

‘ನಮ್ಮವರು ಹೀಗಲ್ಲ’ ಎನ್ನುವವರಿಗೆ ಎರಡು ಮಾತು. 2004ರ ಜೂನ್‌ನಲ್ಲಿ ಗೋವಾದ ಬೈನಾ ಕಡಲತಡಿಯಲ್ಲಿ ಬುಲ್ಡೋಜರ್ ಹಾಯ್ದಾಗ ಬೀದಿಗೆ ಬಿದ್ದವರಲ್ಲಿ ಬಹಳ ಮಂದಿ ಕನ್ನಡಿಗರು. ಗೋವಾದಲ್ಲಿ ‘ಘಾಟಿ’ ಎಂಬ ಬೈಗುಳ ಕೇಳಿಸಿಕೊಳ್ಳುವವರಲ್ಲಿ ನಮ್ಮ ವಿಜಯಪುರದವನಿದ್ದಾನೆ, ಲಂಬಾಣಿ ತಾಂಡಾದವಳಿದ್ದಾಳೆ. ಹಾಗೆಯೇ ಕರಾವಳಿಯ ಮುಸ್ಲಿಮರಿಗೂ ಒಂದು ಮಾತು. 1970ರ ದಶಕದಲ್ಲಿ ಕೇರಳದ ಎಸ್.ಎ. ಜಮೀಲ್ ಹಾಡಿದ ‘ದುಬೈ ಕತ್ತು’, ಅಂದರೆ ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡು, ಮಲಯಾಳದ ಗಡಿ ದಾಟಿ ನಮ್ಮ ಮನೆಗಳಿಗೂ ಬಂತು. ಅದನ್ನು ಕೇಳಿ ಕಣ್ಣೀರಿಟ್ಟ ಅಮ್ಮಂದಿರು ಎಷ್ಟೋ ಮಂದಿ. ಬಿಹಾರದ ಸಾರನ್ ಜಿಲ್ಲೆಯ ಭಿಖಾರಿ ಠಾಕೂರ್ (1887-1971) ಎಂಬ ಕ್ಷೌರಿಕರ ಮನೆಯ ಕಲಾವಿದ ತನ್ನ ‘ಬಿದೇಸಿಯಾ’ ನಾಟಕದಲ್ಲಿ ಹಾಡಿಸಿದ್ದೂ ಇದೇ ಸಂಕಟವನ್ನು. ದುಬೈ ಬದಲಿಗೆ ಅಲ್ಲಿ ಕಲ್ಕತ್ತೆ ಇದೆ, ಅಷ್ಟೆ. ನಮ್ಮ ಮನೆಯ ಹೆಂಗಸಿನ ಕಣ್ಣೀರು ಸಂಗೀತ, ಅವರ ಮನೆಯ ಹೆಂಗಸಿನ ಕಣ್ಣೀರು ಗಲಾಟೆಯೇ?

ಇನ್ನು ನಮ್ಮ ಮಸೀದಿಯ ಜಗಲಿಗೆ ಬರೋಣ. ಪೊಲೀಸರು, ಮಾಲೀಕರು ಒಂದು ಬಾಗಿಲು ಬಡಿದರೆ, ಇನ್ನೊಂದು ಬಾಗಿಲನ್ನು ನಮ್ಮವರೇ ಬಡಿಯುತ್ತಾರೆ. ವಲಸೆ ಬಂದ ಮುಸ್ಲಿಂ ಹುಡುಗ ಶುಕ್ರವಾರದ ನಮಾಜಿಗೆ ಬಂದಾಗ ಅವನ ಕೂಲಿ ಸಿಕ್ಕಿತೇ, ಜ್ವರ ಬಿಟ್ಟಿತೇ ಎಂದು ಕೇಳುವ ಬದಲು ‘ಹಾಡು ಹರಾಮ್, ಮೊಬೈಲಿನಿಂದ ತೆಗೆ’ ಎಂದು ಉಪದೇಶಿಸುವ ಧಾರ್ಮಿಕರು ನಮ್ಮಲ್ಲಿ ಕಡಿಮೆಯಿಲ್ಲ. ಸಂಗೀತದ ಬಗ್ಗೆ ಉಲೇಮಾಗಳಲ್ಲಿ ಸಾವಿರ ವರ್ಷದಿಂದ ಭಿನ್ನಮತ ಇದೆ, ಅದನ್ನು ನಾನು ಇಲ್ಲಿ ಬಗೆಹರಿಸಲಾರೆ. ಆದರೆ 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿ ತಮ್ಮ ಮಹಾಗ್ರಂಥದಲ್ಲಿ ‘ಸಮಾ’ ಅಂದರೆ ಸಂಗೀತ ಆಲಿಸುವುದರ ಬಗ್ಗೆ ಒಂದು ಭಾಗವನ್ನೇ ಮೀಸಲಿಟ್ಟದ್ದನ್ನು ಇವರು ಯಾಕೆ ಹೇಳುವುದಿಲ್ಲ? ಈದಿನ ದಿನ ಮದೀನಾದ ಮಸೀದಿಯಲ್ಲಿ ಹಬಶಿಗಳು, ಅಂದರೆ ಆಫ್ರಿಕಾ ಮೂಲದವರು, ತಮ್ಮ ಈಟಿಗಳೊಡನೆ ಆಡಿದರೆಂದೂ ಪ್ರವಾದಿಯವರು ಅದನ್ನು ತಡೆಯದೆ ಆಯಿಷಾರಿಗೆ ತೋರಿಸಿದರೆಂದೂ ಬುಖಾರಿಯ ಹದೀಸಿನಲ್ಲೇ ಇದೆಯಲ್ಲ? ಮಕ್ಕಾದಿಂದ ಹಿಜ್ರತ್ ಹೊರಟು ಬಂದವರನ್ನು ಮದೀನಾದವರು ಹಾಡಿ ಎದುರುಗೊಂಡರೆಂದು ನಮ್ಮ ಮೌಲೂದುಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದೇವಲ್ಲ? ನಮ್ಮ ಸನ್ ಎಣಿಕೆಯೇ ಒಂದು ವಲಸೆಯಿಂದ ಶುರುವಾಗುತ್ತದೆ. ಬಂದವರು ಮುಹಾಜಿರರು, ನೆರವಾದವರು ಅನ್ಸಾರಿಗಳು. ಅಂತರಸನಹಳ್ಳಿಯಲ್ಲಿ ಮುಹಾಜಿರರು ಇದ್ದಾರೆ, ಅನ್ಸಾರಿಗಳೆಲ್ಲಿ?

ಈ ನಾಡಿನ ಸೂಫಿಗಳಿಗೆ ಈ ಗೊಂದಲ ಇರಲಿಲ್ಲ. ತೈಮೂರನ ದಾಳಿಯ ಬಳಿಕ ದಿಲ್ಲಿ ಬಿಟ್ಟು ಕಲಬುರ್ಗಿಗೆ ಬಂದ ಬಂದೇ ನವಾಜರು ಸ್ವತಃ ವಲಸಿಗರು, ಸಮಾವನ್ನು ಒಪ್ಪಿದ ಚಿಶ್ತಿ ಪರಂಪರೆಯವರು. ಬಿಜಾಪುರದ ಸೂಫಿಗಳು ದಖನಿಯಲ್ಲಿ ಚಕ್ಕಿನಾಮ, ಚರ್ಖಾನಾಮಗಳನ್ನು ಕಟ್ಟಿದರು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಹಾಡಲಿ ಎಂದು ಕಟ್ಟಿದ ಪದಗಳು ಅವು. ಪಕ್ಕದ ಮನೆಯ ಕನ್ನಡತಿಯೂ ಆಗ ಬೀಸುವ ಪದ ಹಾಡುತ್ತಿದ್ದಳು. ಎರಡು ಭಾಷೆ, ಒಂದೇ ಕಲ್ಲಿನ ಸದ್ದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳಾದ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಡಮಾಮಿ ಮಾತ್ರ ಎಲ್ಲರಿಗೂ ಒಂದೇ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಭಾಷೆ ಬದಲಾಗಿ, ದೇವರು ಬದಲಾಗಿ, ಸಮುದ್ರದಾಚೆಯ ಊರಿನ ಹೆಸರೂ ಮರೆತುಹೋದ ಮೇಲೂ ‘ನಾವು ಒಂದು ಜನ’ ಎಂಬುದನ್ನು ಆ ಚರ್ಮವಾದ್ಯ ಉಳಿಸಿಕೊಟ್ಟಿತು. ಧರ್ಮದ ಹೆಸರಿನಲ್ಲಿ ಅದನ್ನು ಯಾರಾದರೂ ಕಸಿದಿದ್ದರೆ ಅವರ ಬಳಿ ಏನು ಉಳಿಯುತ್ತಿತ್ತು?

ಎದುರು ವಾದಗಳು ನನಗೆ ಗೊತ್ತಿವೆ. ಭೋಜಪುರಿ ಹಾಡುಗಳಲ್ಲಿ ಅಶ್ಲೀಲ ತುಂಬಿದೆ ಎನ್ನುತ್ತಾರೆ. ಮಾರುಕಟ್ಟೆಗೆಂದು ತಯಾರಾಗುವ ಬಹಳಷ್ಟರಲ್ಲಿ ನಿಜಕ್ಕೂ ಇದೆ, ಹೆಣ್ಣನ್ನು ಸರಕು ಮಾಡುವ ಹಾಡು ಯಾವ ಭಾಷೆಯಲ್ಲಿದ್ದರೂ ಕೆಟ್ಟದ್ದೇ. ಹಾಗಿದ್ದರೆ ನಮ್ಮ ಸಿನಿಮಾದ ‘ಐಟಂ’ ಹಾಡುಗಳನ್ನು ಗಣೇಶನ ಪೆಂಡಾಲಿನಲ್ಲೂ ಮದುವೆಯ ಮೆರವಣಿಗೆಯಲ್ಲೂ ಹಾಕುವಾಗ ಈ ನೈತಿಕತೆ ಎಲ್ಲಿ ನಿದ್ದೆ ಹೋಗಿರುತ್ತದೆ? ಸದ್ದಿನ ತೊಂದರೆ ಎನ್ನುತ್ತಾರೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದಲೂ ಇದೆ. ಅದು ಮಸೀದಿಗೂ ಇರಲಿ, ಗುಡಿಗೂ ಇರಲಿ, ರಾಜಕೀಯ ಸಭೆಗೂ ಇರಲಿ, ಶೆಡ್ಡಿಗೂ ಇರಲಿ. ಶೆಡ್ಡಿಗೆ ಮಾತ್ರ ಇದ್ದರೆ ಅದಕ್ಕೆ ಕಾನೂನು ಎನ್ನುವುದಿಲ್ಲ. ಕನ್ನಡ ಕಲಿಯುವುದಿಲ್ಲ ಎನ್ನುತ್ತಾರೆ. ಕಲಿಯಬೇಕು, ನಾನೂ ಅದನ್ನೇ ಹೇಳುತ್ತೇನೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಕತೆ ಬರೆಯುತ್ತಿರುವ ನನಗೆ ಎರಡನೆಯ ಭಾಷೆ ಬರಬೇಕಾದರೆ ಮೊದಲನೆಯದನ್ನು ಕೊಲ್ಲಬೇಕಿಲ್ಲ ಎಂಬುದು ಗೊತ್ತು. ಬೆದರಿಸಿ ಕಲಿಸಿದ ಭಾಷೆಯಲ್ಲಿ ಮನುಷ್ಯ ‘ಆಯ್ತು ಸಾರ್’ ಎಂದಷ್ಟೇ ಹೇಳುತ್ತಾನೆ, ಹಾಡುವುದಿಲ್ಲ. ಹಿಂದಿ ಹೇರಿಕೆಯನ್ನು ವಿರೋಧಿಸುವ ಕನ್ನಡಿಗರಿಗೆ ಇನ್ನೊಂದು ನೆನಪು: ಭೋಜಪುರಿ, ಮಗಹಿ, ಸುರ್ಜಾಪುರಿಗಳೂ ಆ ಹೇರಿಕೆಯ ಅಡಿಯಲ್ಲೇ ನಲುಗಿವೆ. ನಾವು ಬಾಗಿಲು ಬಡಿಯುತ್ತಿರುವುದು ನಮ್ಮಂತೆಯೇ ಪೆಟ್ಟು ತಿಂದ ಭಾಷೆಯ ಮನೆಯದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕ್ರಾಂತಿಯ ಮಾತು ಬೇಡ. ರಾಜ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆಯನ್ನು ಈ ಕೂಲಿಗಳಿಗೆ ಕೊಡಿ. ಅವರು ಒಂದು ಕನ್ನಡದ ಹಾಡನ್ನೂ ಒಂದು ತಮ್ಮ ಊರಿನ ಹಾಡನ್ನೂ ಹಾಡಲಿ. ದರ್ಗಾದ ಉರುಸಿನಲ್ಲಿ ಹೊರಗಿನಿಂದ ಹಣ ಕೊಟ್ಟು ಕವ್ವಾಲರನ್ನು ಕರೆಸುವ ಸಮಿತಿಗಳು ಊರಿನಲ್ಲೇ ಇರುವ ಈ ಕಂಠಗಳಿಗೂ ಒಂದು ಸರದಿ ಇಡಲಿ. ನಮ್ಮ ಕಾಲೇಜುಗಳ ಜಾನಪದ ವಿದ್ಯಾರ್ಥಿಗಳು ಟೇಪು ಹಿಡಿದು ಮಲೆನಾಡಿಗೆ ಹೋಗುವ ಮೊದಲು ಅಂತರಸನಹಳ್ಳಿಯ ಮಾರುಕಟ್ಟೆಗೆ ಒಂದು ಭಾನುವಾರ ಬರಲಿ. ಅಲ್ಲಿ ಅರ್ಧ ಭಾರತದ ಜಾನಪದ ಮೂಟೆಗಳ ಮೇಲೆ ಕೂತಿದೆ. ಕಾರ್ಮಿಕ ಸಂಘಗಳು ಇವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲಿ. ಬಾಗಿಲು ಬಡಿಯುವವರು ಬಂದಾಗ ಜೊತೆಗೆ ನಿಲ್ಲಲು ನಾಲ್ಕು ಜನ ಊರಿನವರಿರಲಿ.

ಬೆವರನ್ನು ಮಾತ್ರ ಇಳಿಸಿಕೊಂಡು ಹಾಡನ್ನು ಗಡಿಯಲ್ಲೇ ತಡೆಯುತ್ತೇವೆ ಎನ್ನುವುದು ಆಗದ ಮಾತು. ಗುಬ್ಬಿಗೆ ಹಾರ್ಮೋನಿಯಂ ಬಂದಾಗಲೂ ಅದರ ಬಳಿ ಯಾವ ಗುರುತಿನ ಚೀಟಿಯೂ ಇರಲಿಲ್ಲ. ನಾಳೆ ಈ ಹುಡುಗರ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ಕನ್ನಡದಲ್ಲೇ ಹಾಡು ಕಟ್ಟುತ್ತಾರೆ. ಆ ಹಾಡಿನಲ್ಲಿ ಅಂತರಸನಹಳ್ಳಿಯ ಹೆಸರು ಬಂದೇ ಬರುತ್ತದೆ. ಅದು ಆಶ್ರಯ ಕೊಟ್ಟ ಊರಾಗಿ ಬರಬೇಕೋ, ಬಾಗಿಲು ಬಡಿದ ಊರಾಗಿ ಬರಬೇಕೋ ಎಂಬುದನ್ನು ತೀರ್ಮಾನಿಸಬೇಕಾದವರು ಇಲ್ಲಿನವರಾದ ನಾವು.